ತರುಣ ಪಾದ್ರಿಯ ವಾರ

ದಾವಣಗೆರೆಯಿಂದ ಹರಿಹರಕ್ಕೆ ಸುಮಾರು ಒಂಬತ್ತು ಮೈಲಿಯ ಹಾದಿ. ಹೊಳೆಯ ಮೆಟ್ಟಿಲಿನ ಮೇಲೆ ನಿಂತು ನೋಡಿದರೆ ಆಚೆಯ ದಡವೂ ಈಚೆಯ ದಡದಂತೆಯೇ ಕಾಣುತ್ತದೆ. ಅದೇ ಮಣ್ಣು, ಅದೇ ಜೋಳ, ಅದೇ ಮಾತು. ಆದರೆ ಹತ್ತೊಂಬತ್ತನೆಯ ಶತಮಾನದ ನಡುಗಾಲದಲ್ಲಿ ಇಲ್ಲಿ ನಿಂತವನಿಗೆ ಎದುರು ದಡವು ಪರರಾಜ್ಯವಾಗಿತ್ತು. ಈಚೆ ಮೈಸೂರು ಸೀಮೆ. ತುಂಗಭದ್ರೆಯ ಆಚೆ ಮುಂಬಯಿ ಆಧಿಪತ್ಯದ ಧಾರವಾಡ ಜಿಲ್ಲೆ. ಮೂಡಲಿಗೆ ಹರಪನಹಳ್ಳಿಯ ಕಡೆ ತಿರುಗಿದರೆ ಮದರಾಸು ಆಧಿಪತ್ಯದ ಬಳ್ಳಾರಿ ಜಿಲ್ಲೆ. ಹೀಗೆ ಮೂರು ಸರ್ಕಾರಗಳು ಕೂಡುತ್ತಿದ್ದ ಈ ಮೂಲೆಯ ಸುತ್ತ ಕ್ರೈಸ್ತ ಮಿಷನ್ನುಗಳೂ ಮೂರು ನೆಲೆಗೊಂಡಿದ್ದವು. ಬಳ್ಳಾರಿಯಲ್ಲಿ ೧೮೧೦ರಿಂದ ಲಂಡನ್ ಮಿಷನ್ನಿನವರು. ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳಲ್ಲಿ ೧೮೩೭ರಿಂದೀಚೆಗೆ ಬಾಸೆಲ್ ಮಿಷನ್ನಿನವರು. ಬೆಂಗಳೂರು, ಗುಬ್ಬಿ, ಮೈಸೂರುಗಳಲ್ಲಿ ವೆಸ್ಲಿಯನ್ ಮಿಷನ್ನಿನವರು. ಒಂದು ಇಂಗ್ಲೆಂಡಿನ ನಾನಾ ಪಂಗಡಗಳವರು ಸೇರಿ ಕಟ್ಟಿದ್ದು, ಒಂದು ಸ್ವಿಟ್ಜರ್‌ಲೆಂಡಿನಲ್ಲಿ ನೆಲೆಸಿ ಜರ್ಮನರಿಂದ ತುಂಬಿದ್ದು, ಇನ್ನೊಂದು ಜಾನ್ ವೆಸ್ಲಿಯ ಅನುಯಾಯಿಗಳದು. ಇವರೆಲ್ಲರಿಗೂ ಸಮಾನವಾಗಿದ್ದ ವಸ್ತು ಒಂದೇ, ಅದು ಕನ್ನಡ.

ಈ ಮಿಷನ್ನುಗಳ ಇತಿಹಾಸವನ್ನು ಹೇಳುವಾಗ ನಾವು ಸಾಮಾನ್ಯವಾಗಿ ಅವರ ಮುದ್ರಣಾಲಯಗಳನ್ನೂ ನಿಘಂಟುಗಳನ್ನೂ ಸ್ಮರಿಸಿ, ಕೃತಜ್ಞತೆಯ ಎರಡು ಮಾತು ಹೇಳಿ ಸುಮ್ಮನಾಗುತ್ತೇವೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ನಿಘಂಟಿನ ಮುಖಪತ್ರದ ಮೇಲೆ ಕಾಣುವ ಗಡ್ಡದ ವೃದ್ಧನು ಒಂದು ಕಾಲಕ್ಕೆ ಇಪ್ಪತ್ತೊಂದು ವಯಸ್ಸಿನ ಹುಡುಗನಾಗಿ ನಮ್ಮ ದೇಶಕ್ಕೆ ಬಂದಿಳಿದನು. ಸೋಮವಾರದಿಂದ ಭಾನುವಾರದವರೆಗೆ ಅವನು ಏನು ಮಾಡುತ್ತಿದ್ದನು, ಯಾವುದನ್ನು ನಂಬಿ ದಿನ ನೂಕುತ್ತಿದ್ದನು ಎಂದು ಕೇಳಿದವರು ಕಡಮೆ. ಈ ಹೊತ್ತು ನಮಗೆ ಬೇಕಾದದ್ದು ಆ ಹುಡುಗನ ಒಂದು ವಾರ.

ಮೊದಲು ಹಣದ ಮಾತನ್ನು ಮುಗಿಸಿಬಿಡೋಣ. ಏಕೆಂದರೆ ಆ ವಾರದ ಲೆಕ್ಕವು ಅಲ್ಲಿಂದಲೇ ಪ್ರಾರಂಭವಾಗುತ್ತದೆ. ವೆಸ್ಲಿಯನ್ನರಲ್ಲಿ ಬಡ ಕೂಲಿಕಾರರೂ ಮನೆಗೆಲಸದ ಹೆಂಗಸರೂ ಮಿಷನ್ನಿಗಾಗಿ ವಾರಕ್ಕೊಂದು ಪೆನ್ನಿಯನ್ನು ಕೊಡುವ ಪದ್ಧತಿಯಿತ್ತು. ಬಾಸೆಲಿನವರು ೧೮೫೫ರಲ್ಲಿ ವಾರಕ್ಕೆ ಅರ್ಧ ಬಾಟ್ಸೆನ್ ಎಂಬ ಚಿಲ್ಲರೆ ನಾಣ್ಯದ ವಂತಿಗೆಯನ್ನು ಏರ್ಪಡಿಸಿದರು. ನಮ್ಮ ಹಿರಿಯರಲ್ಲಿ ಅನೇಕರು ವಾರಾನ್ನವನ್ನು ಉಂಡು ಓದಿದವರು. ಸೋಮವಾರ ಒಂದು ಮನೆ, ಮಂಗಳವಾರ ಒಂದು ಮನೆ. ಪಾದ್ರಿಯದೂ ಒಂದು ಬಗೆಯ ವಾರಾನ್ನವೇ, ಆದರೆ ಅನ್ನವಿಡುವ ಮನೆಗಳು ಏಳು ಸಾವಿರ ಮೈಲಿಗಳಾಚೆ ಸಾವಿರಾರು. ಉಂಡ ಹುಡುಗನು ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಮನೆಯವರಿಗೆ ಸಮಾಧಾನ ತರಬೇಕು. ಪಾದ್ರಿಯು ಕಾಗದ ಬರೆದು ತರಬೇಕು. ಆ ಕಾಗದಗಳು ಮಿಷನ್ನಿನ ಮಾಸಪತ್ರಿಕೆಗಳಲ್ಲಿ ಅಚ್ಚಾಗುತ್ತಿದ್ದವು. ಚಳಿಗಾಲದ ಸಂಜೆಗಳಲ್ಲಿ ಸಭೆ ಸೇರಿಸಿ ಓದುತ್ತಿದ್ದರು. ಆದಕಾರಣ ಅವುಗಳಲ್ಲಿ ನಮ್ಮ ಜನರ ಅಜ್ಞಾನವು ಇರುವುದಕ್ಕಿಂತ ಕಪ್ಪಾಗಿಯೂ, ನಾಳೆಯ ಆಸೆಯು ಇರುವುದಕ್ಕಿಂತ ಉಜ್ಜ್ವಲವಾಗಿಯೂ ಕಾಣುವುದು ಸಹಜ. ಪೆನ್ನಿ ಕೊಟ್ಟವರಿಗೆ ಕತ್ತಲೆಯೂ ಬೇಕು, ಬೆಳಕೂ ಬೇಕು. ಆ ಕಾಗದಗಳನ್ನು ಓದುವ ಇತಿಹಾಸಕಾರನು ಈ ಕಾರಣವನ್ನು ಮರೆಯತಕ್ಕದ್ದಲ್ಲ. ಪಾದ್ರಿಯ ಮೇಜಿನ ಮೇಲೆ ಇನ್ನೊಂದು ಬರವಣಿಗೆಯೂ ಇರುತ್ತಿತ್ತು: ಅವನು ದಿನದಿನವೂ ಕೇಳಿ ಬರೆದಿಟ್ಟುಕೊಂಡ ಕನ್ನಡ ಮಾತುಗಳ ಪಟ್ಟಿ. ಅದನ್ನು ಯಾವ ಸಭೆಯಲ್ಲಿಯೂ ಓದುತ್ತಿರಲಿಲ್ಲ. ನಮಗೆ ಕಾಗದಕ್ಕಿಂತ ಈ ಪಟ್ಟಿಯ ಮೇಲೆ ಹೆಚ್ಚು ನಂಬಿಕೆ.

ಉದಾಹರಣೆಗೆ ಒಬ್ಬನನ್ನು ತೆಗೆದುಕೊಳ್ಳೋಣ. ವಿಲಿಯಂ ಆರ್ಥರ್ ಎಂಬ ಐರಿಷ್ ತರುಣನು ೧೮೧೯ರಲ್ಲಿ ಆಂಟ್ರಿಮ್ ಪ್ರಾಂತದಲ್ಲಿ ಹುಟ್ಟಿ, ಪಡುವಣ ಐರ್ಲೆಂಡಿನ ಮೇಯೋ ಪ್ರಾಂತದಲ್ಲಿ ಬೆಳೆದು, ಲಂಡನ್ನಿನ ಹಾಕ್ಸ್‌ಟನ್ನಿನಲ್ಲಿದ್ದ ವೆಸ್ಲಿಯನ್ ಪಾಠಶಾಲೆಯಲ್ಲಿ ಕಲಿತು, ೧೮೩೯ರ ಏಪ್ರಿಲಿನಲ್ಲಿ ಹಡಗು ಹತ್ತಿದನು. ವಯಸ್ಸು ಇಪ್ಪತ್ತು. ಅವನಿಗೆ ಗೊತ್ತುಮಾಡಿದ್ದ ಊರು ಗುಬ್ಬಿ. ನಾಟಕಪ್ರಿಯರಿಗೆ ಗುಬ್ಬಿಯೆಂದರೆ ಬೇರೆ ನೆನಪು ಬರುತ್ತದೆ. ಆ ಕಂಪನಿ ಹುಟ್ಟುವುದಕ್ಕೆ ಇನ್ನೂ ನಾಲ್ವತ್ತೈದು ವರ್ಷವಿತ್ತು. ತುಮಕೂರಿನ ಪಡುವಲಿಗೆ, ಬೆಂಗಳೂರಿನಿಂದ ಹರಿಹರಕ್ಕೆ ಹೋಗುವ ರೈಲುದಾರಿಯಲ್ಲಿ ಇಂದು ಸಿಕ್ಕುವ ಈ ಊರು ಅಂದೂ ಹೆಸರಾದ ವ್ಯಾಪಾರಸ್ಥಳ. ಥಾಮಸ್ ಹಾಡ್ಸನ್ ಎಂಬ ಹಿರಿಯ ಪಾದ್ರಿಯು ೧೮೩೭ರಲ್ಲಿ ಅಲ್ಲಿ ನೆಲೆ ಮಾಡಿದ್ದನು. ಬೆಂಗಳೂರಿನ ದಂಡಿನಲ್ಲಿ ಇಂಗ್ಲಿಷು ಬಲ್ಲವರ ನಡುವೆ ಕುಳಿತರೆ ಕನ್ನಡಿಗರ ಮನಸ್ಸು ಸಿಕ್ಕುವುದಿಲ್ಲವೆಂದು ಕಂಡುಕೊಂಡವರಲ್ಲಿ ಹಾಡ್ಸನ್ನನು ಒಬ್ಬ. ಮುಂದೆ ೧೮೫೯ರಲ್ಲಿ ಕನ್ನಡಕ್ಕೆ ಒಂದು ಚಿಕ್ಕ ವ್ಯಾಕರಣವನ್ನೂ ಬರೆದನು.

ಇಂಥ ಊರಿಗೆ ಬಂದ ತರುಣನ ಬೆಳಗು ಮುನ್ಷಿಯೊಡನೆ ಕಳೆಯುತ್ತಿತ್ತು. ಬಿಸಿಲೇರುವ ಮೊದಲು ಎದ್ದು, ಪ್ರಾರ್ಥನೆ ಮುಗಿಸಿ, ಬಾಗಿಲು ಮುಚ್ಚಿದ ಕೋಣೆಯಲ್ಲಿ ಗಂಟೆಗಟ್ಟಲೆ ಅಕ್ಷರಾಭ್ಯಾಸ. ಲಕಾರ ಳಕಾರಗಳ ಭೇದ, ಅಲ್ಪಪ್ರಾಣ ಮಹಾಪ್ರಾಣಗಳ ಭೇದ, ಏಕವಚನ ಬಹುವಚನಗಳ ಮರ್ಯಾದೆ. ಕಡೆಯದು ಮಿಕ್ಕೆಲ್ಲಕ್ಕಿಂತ ಕಷ್ಟ. ಪರಮಾತ್ಮನು ಒಬ್ಬನೇ ಎಂದು ಸಾರುವುದಕ್ಕಾಗಿ ಸಮುದ್ರ ದಾಟಿ ಬಂದವನಿಗೆ ಮುನ್ಷಿಯು ಕಲಿಸಿಕೊಡುವ ಶಬ್ದ ‘ದೇವರು’. ಅದು ರೂಪದಲ್ಲಿ ಬಹುವಚನ. ‘ದೇವ’ ಎಂದರೆ ಸಲಿಗೆಯಾಯಿತು, ಗುಡಿಯ ದೇವತೆಗಳಲ್ಲಿ ಒಬ್ಬನಂತಾಯಿತು. ‘ದೇವರು’ ಎಂದರೆ ಗೌರವವೇನೋ ಬಂತು, ಆದರೆ ವ್ಯಾಕರಣವು ಏಕೇಶ್ವರವಾದವನ್ನು ಒಪ್ಪುವಂತಿಲ್ಲ! ಹಳೆಯ ಕನ್ನಡ ಬೈಬಲ್ಲನ್ನು ಓದಿದವರಿಗೆ ಇದರ ಪರಿಹಾರವು ಗೊತ್ತಿದೆ: ಕರ್ತೃಪದವು ‘ದೇವರು’, ಕ್ರಿಯಾಪದವು ಏಕವಚನ. ಆ ವಾಕ್ಯಗಳು ಇಂದಿಗೂ ನಮ್ಮ ಕಿವಿಗೆ ಒಂದು ತೊಡಕಿನಂತೆ ಕೇಳುತ್ತವೆ. ಆದರೆ ಆ ತೊಡಕಿನ ಹಿಂದೆ ಎಷ್ಟು ಬೆಳಗುಗಳ ವಾದವಿದ್ದಿರಬೇಕೆಂದು ನೆನೆದರೆ ನಗಲು ಮನಸ್ಸು ಬಾರದು.

‘ಪಾಪ’ ಎಂಬ ಶಬ್ದದ ಗತಿಯೂ ಹೀಗೆಯೇ. ಪಾದ್ರಿಯ ಮತವು ನಿಂತಿರುವುದೇ ಆ ಶಬ್ದದ ಮೇಲೆ. ಅವನು ಸಂತೆಯ ನಡುವೆ ನಿಂತು, ಹೊಸದಾಗಿ ಕಲಿತ ಕನ್ನಡದಲ್ಲಿ, ಬೆವರು ಸುರಿಸುತ್ತ ಪಾಪ, ಪಾಪ ಎಂದು ಕೂಗುತ್ತಾನೆ. ಕೇಳುವವಳು ಬುಟ್ಟಿಯನ್ನು ಕಂಕುಳಲ್ಲಿಟ್ಟುಕೊಂಡ ಒಬ್ಬ ಮುದುಕಿ. ಅವಳ ಮಾತಿನಲ್ಲಿ ಪಾಪವೆಂದರೆ ಮಾಡಿದ ತಪ್ಪೂ ಹೌದು, ಅಯ್ಯೋ ಎಂಬ ಕನಿಕರವೂ ಹೌದು. ಬಿಸಿಲಿಗೆ ಕೆಂಪಾದ ಆ ಮುಖವನ್ನು ನೋಡಿ ಅವಳೂ ಅದೇ ಶಬ್ದವನ್ನು ಆಡಿರಬೇಕು: ಪಾಪ, ಯಾವ ತಾಯಿ ಹೆತ್ತ ಮಗನೋ! ಇದು ನಮ್ಮ ಊಹೆ. ಯಾವ ಕಾಗದದಲ್ಲಿಯೂ ನಾವು ಓದಿದ್ದಲ್ಲ. ಆದರೆ ಕನ್ನಡ ಸಂತೆಯನ್ನು ಬಲ್ಲವರು ಈ ಊಹೆಯನ್ನು ಸುಳ್ಳೆನ್ನಲಾರರು.

ಸಂತೆಯ ಮಾತು ಬಂದಮೇಲೆ ದಾವಣಗೆರೆಯನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಮೊದಲು ಅದು ಬೇತೂರಿನ ಮಗ್ಗುಲಲ್ಲಿದ್ದ ಅಪ್ರಸಿದ್ಧ ಗ್ರಾಮ. ಹೈದರಾಲಿಯು ಅದನ್ನು ಅಪ್ಪಾಜಿರಾಮನೆಂಬ ಮರಾಟ ಸರದಾರನಿಗೆ ಜಹಗೀರಾಗಿ ಕೊಟ್ಟನು, ಅವನು ವರ್ತಕರನ್ನು ಕರೆತಂದು ನೆಲೆಗೊಳಿಸಿದನು. ಫ್ರಾನ್ಸಿಸ್ ಬುಕಾನನ್ ೧೮೦೧ರಲ್ಲಿ ಈ ಕಡೆ ಬಂದಾಗಲೇ ಅದು ವ್ಯಾಪಾರದ ಊರು. ಮಲೆನಾಡಿನ ಅಡಕೆ ಮೆಣಸುಗಳು ಇಲ್ಲಿಗೆ ಬಂದು ದೂರದ ವಾಲಾಜಪೇಟೆಗೆ ಹೋಗುತ್ತಿದ್ದವು. ಇಲ್ಲಿನ ಕಂಬಳಿಗೆ ನಾಡೆಲ್ಲ ಹೆಸರು. ವರ್ತಕರಲ್ಲಿ ಬಹುಮಂದಿ ಶಿವಭಕ್ತರು. ಮತಪ್ರಚಾರಕ್ಕೆ ಬಂದವನಿಗೆ ಇಂಥ ಊರಿನಷ್ಟು ಆಶೆ ಹುಟ್ಟಿಸುವ ಸ್ಥಳವೂ ಇಲ್ಲ, ನಿರಾಶೆ ಹುಟ್ಟಿಸುವ ಸ್ಥಳವೂ ಇಲ್ಲ. ಸಂತೆಯ ದಿನ ಹತ್ತೂರಿನ ಜನ ಒಂದೆಡೆ ಸಿಕ್ಕುತ್ತಾರೆ. ಆದರೆ ಅವರು ಬಂದದ್ದು ಕಂಬಳಿ ಮಾರುವುದಕ್ಕೆ, ಎತ್ತು ಕೊಳ್ಳುವುದಕ್ಕೆ. ಪಾದ್ರಿಯ ಉಪದೇಶವು ಮುಗಿಯುವ ಮೊದಲೇ ಪಕ್ಕದಲ್ಲಿ ಎತ್ತಿನ ಬೆಲೆ ಕುದುರುತ್ತದೆ, ಸಭೆಯು ಅತ್ತ ಸರಿಯುತ್ತದೆ. ಸಂತೆಯೇನಾದರೂ ಭಾನುವಾರಕ್ಕೆ ಬಿದ್ದರೆ ಇನ್ನೂ ಇಕ್ಕಟ್ಟು. ಆ ದಿನ ಕೊಡುಕೊಳ್ಳುವುದು ಅವನ ಧರ್ಮದಲ್ಲಿ ದೋಷ. ಜನ ಸೇರುವುದು ಆ ದಿನವೇ. ವಿಶ್ರಾಂತಿಯ ದಿನವನ್ನು ಕಾಪಾಡಿಕೊಳ್ಳಬೇಕೋ, ಕೊಡುಕೊಳ್ಳುವವರ ನಡುವೆ ಹೋಗಿ ನಿಲ್ಲಬೇಕೋ?

ಇಲ್ಲಿ ನಮಗೆ ಬಹಳ ಸ್ವಾರಸ್ಯವಾಗಿ ಕಾಣುವ ಒಂದು ವಿಷಯವುಂಟು. ಏಳು ದಿನಗಳಲ್ಲಿ ಒಂದು ದಿನ ನೀನೂ ನಿನ್ನ ಆಳೂ ನಿನ್ನ ಪಶುವೂ ದಣಿವಾರಿಸಿಕೊಳ್ಳಬೇಕೆಂಬುದು ಅವನ ಶಾಸ್ತ್ರದ ವಿಧಿ. ಅದನ್ನು ನಮ್ಮವರಿಗೆ ಹೊಸದೆಂದು ಬೋಧಿಸುತ್ತ ಅವನು ಹಳ್ಳಿಗೆ ಹೋಗುತ್ತಾನೆ. ಆದರೆ ನಮ್ಮ ಸೀಮೆಯ ಒಕ್ಕಲಿಗನು ಸೋಮವಾರ ಎತ್ತಿಗೆ ನೊಗ ಹೂಡುವುದಿಲ್ಲ. ಅದು ಶಿವನ ವಾರ, ಬಸವಣ್ಣನ ವಾರ. ಎತ್ತಿಗೆ ಅಂದು ಮೈತೊಳೆಯುವುದು, ಮೇವು, ನೆರಳು. ಒಕ್ಕಲಿಗನು ತನಗಾಗಿ ಬಿಡುವು ಕೇಳಲಿಲ್ಲ, ಎತ್ತಿಗಾಗಿ ಬಿಡುವು ಕೊಟ್ಟನು. ಎತ್ತು ನಿಂತಮೇಲೆ ತಾನೂ ಅರ್ಧ ನಿಂತನು. ಪಾದ್ರಿಯ ಭಾನುವಾರಕ್ಕೂ ಒಕ್ಕಲಿಗನ ಸೋಮವಾರಕ್ಕೂ ನಡುವೆ ಇದ್ದದ್ದು ಒಂದು ರಾತ್ರಿ ಮಾತ್ರ. ಆ ಒಂದು ರಾತ್ರಿಯನ್ನು ದಾಟಿ ಮಾತಾಡಿದವರು ಎಷ್ಟು ಮಂದಿಯೋ! ತಮ್ಮ ಗೆಳೆಯನು ಮೂಢನೆಂಬ ನಿಶ್ಚಯದಿಂದ ಹೊರಟವರಿಗೆ ಆತನ ಸೋಮವಾರವು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಇದು ಮಿಷನ್ನಿನವರ ಮೇಲೆ ನಾವು ಹೊರಿಸುವ ಮುಖ್ಯವಾದ ಆಕ್ಷೇಪಣೆ. ಮಿಕ್ಕ ಆಕ್ಷೇಪಣೆಗಳು ಇದರಿಂದಲೇ ಹುಟ್ಟುತ್ತವೆ.

ಹರಿಹರದಲ್ಲಿ ವಾದವು ಇನ್ನೂ ಬಿಗಿಯಾಗಿದ್ದಿರಬೇಕು. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕನಾದ ಪೋಲಾಳ್ವನು ೧೨೨೪ರಲ್ಲಿ ಕಟ್ಟಿಸಿದ ಗುಡಿಯಲ್ಲಿ ಹರಿಯೂ ಹರನೂ ಒಂದೇ ಮೈಯಾಗಿ ನಿಂತಿದ್ದಾರೆ. ಅರ್ಧ ಚಕ್ರಪಾಣಿ, ಅರ್ಧ ಶೂಲಪಾಣಿ. ಊರಿನಿಂದ ಎರಡು ಮೈಲಿ ವಾಯವ್ಯಕ್ಕೆ ೧೮೬೫ರವರೆಗೆ ಒಂದು ದೇಶೀ ಪದಾತಿ ರೆಜಿಮೆಂಟು ಬೀಡುಬಿಟ್ಟಿತ್ತು. ಆದಕಾರಣ ಊರಿನವರಿಗೆ ಬಿಳಿಯ ಮುಖವು ಹೊಸದಲ್ಲ. ಹೊಸದಾಗಿದ್ದುದು ಸರ್ಕಾರದ ಅಧಿಕಾರವಿಲ್ಲದೆ, ಸಿಪಾಯಿಗಳಿಲ್ಲದೆ, ಹರಿಗೋಲಿನಲ್ಲಿ ಹೊಳೆ ದಾಟಿ ಬಂದು ಜಗಲಿಯ ಮೇಲೆ ಕುಳಿತು ತರ್ಕಕ್ಕೆ ಕರೆಯುವ ಬಿಳಿಯ ಮುಖ. ನಮ್ಮ ದೇವರೊಬ್ಬನೇ ನಿಜವೆಂದು ಅವನು ಹೇಳಿದರೆ, ಇಬ್ಬರೆಂದು ಜಗಳವಾಡಿ ಒಬ್ಬನೆಂದು ತೀರ್ಮಾನಿಸಿ ಗುಡಿ ಕಟ್ಟಿದ ಊರಿನವರು ಬೆಚ್ಚುವುದೇಕೆ? ಆತನೂ ಇರಲಿ ಎಂದಿರಬಹುದು. ತರುಣ ಪಾದ್ರಿಗೆ ಬೈಗುಳಕ್ಕಿಂತಲೂ ಕಲ್ಲೇಟಿಗಿಂತಲೂ ಹೆಚ್ಚು ಎದೆಗುಂದಿಸುವ ಉತ್ತರವು ಇದೇ. ಕಲ್ಲು ಹೊಡೆದರೆ ಕಾಗದದಲ್ಲಿ ಬರೆಯಬಹುದು. ಆತನೂ ಇರಲಿ ಎಂದು ವೀಳ್ಯ ಕೊಟ್ಟು ಕಳುಹಿಸಿದರೆ ಬರೆಯುವುದೇನು?

ಹಾಗಾದರೆ ಅವನ ನಂಬಿಕೆಯು ಹೇಗೆ ನಿಂತಿತು? ಅವನ ಮತಕ್ಕೆ ಬಂದವರು ಬೆರಳೆಣಿಕೆ. ಊರಿನಿಂದ ಕಾಗದ ಬರಲು ತಿಂಗಳುಗಳು. ಬಂದ ಕಾಗದದಲ್ಲಿ ತಾಯಿಯು ಕ್ಷೇಮವೆಂದಿದ್ದರೆ ಅದು ಹಳೆಯ ಕ್ಷೇಮ. ಬಾಸೆಲಿನವರಲ್ಲಿ ಮದುವೆಗೂ ಕಮಿಟಿಯ ಅಪ್ಪಣೆ ಬೇಕು; ಮೊದಲ ಕೆಲವು ವರ್ಷ ಬ್ರಹ್ಮಚರ್ಯವೇ ಕಟ್ಟಳೆ, ಆಮೇಲೆ ಎಷ್ಟೋ ಸಲ ವಧುವನ್ನೂ ಅಲ್ಲಿಂದಲೇ ಗೊತ್ತುಮಾಡಿ ಹಡಗಿನಲ್ಲಿ ಕಳುಹಿಸುತ್ತಿದ್ದರು. ವಾಂತಿಭೇದಿಯೂ ಜ್ವರವೂ ಪಕ್ಕದಲ್ಲಿಯೇ. ಇಂಥ ಸ್ಥಿತಿಯಲ್ಲಿ ಅವನನ್ನು ಎತ್ತಿ ನಿಲ್ಲಿಸಿದ್ದು ತರ್ಕವಲ್ಲ, ವಾರದ ಕ್ರಮ ಎಂದು ನಮಗೆ ತೋರುತ್ತದೆ. ಬೆಳಗ್ಗೆ ಪ್ರಾರ್ಥನೆ, ಮುನ್ಷಿಯ ಪಾಠ, ಶಾಲೆಯ ತನಿಖೆ, ಸಂಜೆ ಬೀದಿಯ ಉಪದೇಶ, ಭಾನುವಾರ ನಾಲ್ಕು ಜನರ ಆರಾಧನೆ, ಮತ್ತೆ ಸೋಮವಾರ. ನಿತ್ಯಕರ್ಮವೆಂಬುದರ ಬಲವನ್ನು ಬಲ್ಲ ನಮ್ಮವರಿಗೆ ಇದು ಅರ್ಥವಾಗದ ಸಂಗತಿಯಲ್ಲ.

ಆರ್ಥರನ ಕ್ರಮವನ್ನು ಕೆಡಿಸಿದ್ದು ಅವನ ಕಣ್ಣು. ಆರೋಗ್ಯವು ಕುಸಿದು, ದೃಷ್ಟಿಯು ಮಂಕಾಗಿ, ೧೮೪೧ರಲ್ಲಿ ಅವನು ಇಂಗ್ಲೆಂಡಿಗೆ ಹಿಂದಿರುಗಬೇಕಾಯಿತು. ನಡುವೆ ಸಿಕ್ಕಿದ್ದು ಎರಡು ವರ್ಷವೂ ಅಲ್ಲ. ಕನ್ನಡವು ನಾಲಗೆಗೆ ಹತ್ತುವ ಹೊತ್ತಿಗೆ ಊರನ್ನು ಬಿಟ್ಟನು. ಆ ಅಲ್ಪಕಾಲದ ಅನುಭವದಿಂದ ಅವನು ೧೮೪೭ರಲ್ಲಿ ಮೈಸೂರು ಸೀಮೆಯ ಮಿಷನ್ನಿನ ವಿಷಯವಾಗಿ ಒಂದು ಪುಸ್ತಕವನ್ನು ಪ್ರಕಟಿಸಿದನು. ನಮ್ಮ ಮತಾಚಾರಗಳನ್ನು ಕುರಿತ ಅದರ ತೀರ್ಪುಗಳು ಪೆನ್ನಿಯ ಸಭೆಗಳಿಗೆ ತಕ್ಕವು. ಆದರೆ ಬೀದಿ, ಮನೆ, ಮಾತುಕತೆಗಳನ್ನು ಕಂಡು ಬರೆದ ಕಡೆ ಅದು ಇಂದಿಗೂ ಓದತಕ್ಕ ಪುಸ್ತಕ. ಮುಂದೆ ಅವನು ತನ್ನ ಮಿಷನ್ನಿನ ಕಾರ್ಯದರ್ಶಿಯಾದನು, ೧೮೬೬ರಲ್ಲಿ ವೆಸ್ಲಿಯನ್ ಮಹಾಸಭೆಗೆ ಅಧ್ಯಕ್ಷನಾದನು, ೧೮೬೮ರಲ್ಲಿ ಬೆಲ್‌ಫಾಸ್ಟಿನ ಕಾಲೇಜಿಗೆ ಮೊದಲ ಮುಖ್ಯಸ್ಥನಾದನು. ಅವನ ಬರಹಗಳಲ್ಲಿ ಬಹಳ ಪ್ರಸಿದ್ಧವಾದದ್ದು ೧೮೫೬ರಲ್ಲಿ ಬಂದ ಬೆಂಕಿಯ ನಾಲಗೆ ಎಂಬರ್ಥದ ಹೆಸರಿನ ಗ್ರಂಥ. ಯೇಸುವಿನ ಶಿಷ್ಯರ ಮೇಲೆ ಅಗ್ನಿಜಿಹ್ವೆಗಳು ಇಳಿದು, ನಾನಾ ದೇಶದವರಿಗೆ ಅವರ ಅವರ ಭಾಷೆಯಲ್ಲಿಯೇ ಮಾತು ಕೇಳಿಸಿತೆಂಬ ಕಥೆಯು ಅದಕ್ಕೆ ಮೂಲ. ಗುಬ್ಬಿಯ ಕೋಣೆಯಲ್ಲಿ ಳಕಾರಕ್ಕಾಗಿ ತಿಣುಕಿದವನಿಗೆ ಆ ಕಥೆಯು ಬೇರೆಯವರಿಗಿಂತ ಹತ್ತಿರವಾಗಿದ್ದಿರಬೇಕೆಂದು ನಾವು ಎಣಿಸಿದರೆ ಹೆಚ್ಚಾಗಲಾರದು.

ಹೊಳೆಯ ಆಚೆಯ ಕಥೆಯು ಬೇರೆ ದಾರಿ ಹಿಡಿಯಿತು. ಇಪ್ಪತ್ತೈದು ವಯಸ್ಸಿನಲ್ಲಿ, ೧೮೩೬ರಲ್ಲಿ, ಮಂಗಳೂರಿಗೆ ಬಂದ ಹರ್ಮನ್ ಮೋಗ್ಲಿಂಗನು ತನ್ನ ಶಿಷ್ಯರೊಡನೆ ಅವರಂತೆಯೇ ಬಾಳಲು ಹವಣಿಸಿದನು. ೧೮೪೩ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿ, ಮರುವರ್ಷ ಅದನ್ನು ಬಳ್ಳಾರಿಗೆ ಒಯ್ದು ‘ಕನ್ನಡ ಸಮಾಚಾರ’ವೆಂದು ಕರೆದನು. ಅವನ ವಿಷಯದಲ್ಲಿ ನಮಗೆ ಅದಕ್ಕಿಂತಲೂ ಆಶ್ಚರ್ಯವಾಗುವುದು ೧೮೫೦ರ ದಾಸರ ಪದಗಳ ಸಂಕಲನ. ಕ್ರಿಸ್ತನ ಕೀರ್ತನೆಗಳನ್ನು ಹಾಡಿಸಲು ಬಂದವನು ಪುರಂದರದಾಸರನ್ನು ಅಚ್ಚಿಗೆ ತಂದನು! ಅದೇ ಮೋಗ್ಲಿಂಗನ ಇಂಗ್ಲಿಷು ಶಾಲೆಯಲ್ಲಿ ಓದಿದ ಆನಂದರಾವ್ ಕೌಂಡಿನ್ಯನೆಂಬ ಸಾರಸ್ವತ ಬ್ರಾಹ್ಮಣ ಯುವಕನು ೧೮೪೪ರಲ್ಲಿ ಕ್ರೈಸ್ತನಾದನು. ಊರು ಅಲ್ಲೋಲಕಲ್ಲೋಲವಾಯಿತು; ಕೈಹಿಡಿದ ಹೆಂಡತಿಯು ಅವನೊಡನೆ ಬರಲಿಲ್ಲ. ಅವನು ಬಾಸೆಲಿಗೆ ಹೋಗಿ ಓದಿ, ೧೮೫೧ರಲ್ಲಿ ದೀಕ್ಷೆ ಪಡೆದು ತಾನೂ ಪಾದ್ರಿಯಾಗಿ ಮರಳಿದನು. ಮೋಗ್ಲಿಂಗನು ತಾಯಿನಾಡನ್ನು ಬಿಟ್ಟು ಬಂದನು, ಅದು ಅವನು ತಾನಾಗಿ ಆರಿಸಿಕೊಂಡ ತ್ಯಾಗ. ಕೌಂಡಿನ್ಯನ ಹೆಂಡತಿಗೆ ಆರಿಸಿಕೊಳ್ಳಲು ಏನನ್ನು ಉಳಿಸಿದ್ದರು? ಮಿಷನ್ನಿನ ಕೀರ್ತಿಯನ್ನು ಬರೆಯುವವರು ಈ ಹೆಂಗಸಿನ ಪಾಲನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

ಇನ್ನು ಕಿಟೆಲ್. ಪೂರ್ವ ಫ್ರೀಸ್‌ಲೆಂಡಿನಲ್ಲಿ ೧೮೩೨ರಲ್ಲಿ ಹುಟ್ಟಿ, ೧೮೫೩ರಲ್ಲಿ ಇಪ್ಪತ್ತೊಂದು ವಯಸ್ಸಿಗೆ ಬಂದನು. ನಿಘಂಟಿನ ಕರ್ತೃವನ್ನು ‘ಅವರು’ ಎನ್ನದೆ ‘ಅವನು’ ಎಂದದ್ದಕ್ಕೆ ಓದುಗರು ಕೋಪಿಸಬಾರದು. ಆ ಹುಡುಗನು ಇನ್ನೂ ನಿಘಂಟನ್ನು ಬರೆದಿಲ್ಲ. ಧಾರವಾಡ ಹುಬ್ಬಳ್ಳಿಗಳ ಕಡೆ ಮೊದಲ ವರ್ಷಗಳನ್ನು ಕಳೆದ ಅವನು ಕುದುರೆಯನ್ನು ಬಿಟ್ಟು ಕಾಲ್ನಡಿಗೆಯಿಂದ ಊರೂರು ಸುತ್ತಿದನು. ಕುದುರೆಯ ಮೇಲೆ ಕುಳಿತವನೊಡನೆ ರೈತನು ಮಾತಾಡುವುದಿಲ್ಲ, ಸಲಾಮು ಮಾಡುತ್ತಾನೆ ಎಂಬುದು ಅವನಿಗೆ ತಿಳಿದಿರಬೇಕು. ಜೊತೆಯ ಪಾದ್ರಿಗಳಿಗೆ ಈ ನಡತೆ ಹಿಡಿಸಲಿಲ್ಲ. ಹುಡುಗನು ಹಟಮಾರಿಯೆಂಬ ಹೆಸರಾಯಿತು. ೧೮೬೦ರಲ್ಲಿ ಪೌಲೀನ ಐಟ್ ಎಂಬಾಕೆಯೊಡನೆ ಮದುವೆಯಾಯಿತು. ೧೮೬೪ರಲ್ಲಿ ಆಕೆ ತೀರಿಕೊಂಡಳು. ಎರಡು ವರ್ಷ ಮೊದಲು, ೧೮೬೨ರಲ್ಲಿ, ಕಿಟೆಲ್ ‘ಕಥಾಮಾಲೆ’ಯೆಂಬ ಕಾವ್ಯವನ್ನು ಬರೆದಿದ್ದನು, ಕ್ರಿಸ್ತನ ಚರಿತ್ರೆ, ಆದರೆ ನಮ್ಮ ಛಂದಸ್ಸು. ಆಮೇಲೆ ೧೮೭೨ರಲ್ಲಿ ‘ಶಬ್ದಮಣಿದರ್ಪಣ’, ೧೮೭೫ರಲ್ಲಿ ‘ಛಂದೋಂಬುಧಿ’. ಉಪದೇಶಕನು ವರ್ಷವರ್ಷಕ್ಕೂ ಹಿಂದೆ ಸರಿದನು. ಮಾತು ಕೇಳಿ ಬರೆದುಕೊಳ್ಳುವವನು ಮುಂದೆ ಬಂದನು. ನಿಘಂಟಿನ ಕೆಲಸಕ್ಕಾಗಿಯೇ ಐವತ್ತು ದಾಟಿದಮೇಲೆ ಮತ್ತೊಮ್ಮೆ ಕನ್ನಡನಾಡಿಗೆ ಬಂದು ಹೋದನು. ೧೮೯೪ರಲ್ಲಿ ಮಂಗಳೂರಿನಲ್ಲಿ ಅಚ್ಚಾಗಿ ಹೊರಬಿದ್ದ ಆ ನಿಘಂಟು ಸಾವಿರದೇಳುನೂರು ಪುಟಗಳನ್ನು ಮೀರಿದ್ದು. ಅದರ ತುಂಬ ಸಂತೆಯ ಮಾತು, ಒಕ್ಕಲಿಗನ ಗಾದೆ, ಕವಿಗಳ ಪ್ರಯೋಗ.

ಇವರ ನಂಬಿಕೆಯು ಸೋತಿತೆಂದು ಹೇಳುವವರಿದ್ದಾರೆ. ಕಿಟೆಲ್ಲರು (ಈಗ ‘ಅವರು’ ಎನ್ನಬಹುದು) ಹಾಗೆ ಒಪ್ಪುತ್ತಿರಲಿಲ್ಲ. ಅವರು ಕಡೆಯವರೆಗೂ ಪಾದ್ರಿಗಳಾಗಿಯೇ ಇದ್ದರು. ಒಬ್ಬೊಬ್ಬ ರೈತನಿಗೂ ತಾನು ಹೇಳಬೇಕಾದದ್ದನ್ನು ಹೇಳುವ ಮೊದಲು ಅವನ ಒಂದು ಮಾತನ್ನು ಸರಿಯಾಗಿ ಕೇಳಿಕೊಳ್ಳಬೇಕೆಂದು ಅವರು ನಡೆದರು. ಕೇಳಿ ಮುಗಿಯಲಿಲ್ಲ, ಅಷ್ಟೆ.

ಹರಿಹರದ ಹೊಳೆಗೆ ೧೮೬೮ರಲ್ಲಿ ಸೇತುವೆಯಾಯಿತು. ಕಲ್ಲು ಇಟ್ಟಿಗೆಗಳ ಹದಿನಾಲ್ಕು ಕಮಾನು. ವೆಚ್ಚ ಸುಮಾರು ಮೂರೂವರೆ ಲಕ್ಷ ರೂಪಾಯಿ. ಆಮೇಲೆ ಪಾದ್ರಿಯು ಹರಿಗೋಲಿನವನೊಡನೆ ಕೂಲಿಗಾಗಿ ಚೌಕಾಸಿ ಮಾಡಿ ಕನ್ನಡ ಕಲಿಯುವ ಅಗತ್ಯ ತಪ್ಪಿತು. ಆರ್ಥರನು ೧೯೦೧ರಲ್ಲಿ ಫ್ರಾನ್ಸಿನ ಕಾನ್ ಪಟ್ಟಣದಲ್ಲಿಯೂ, ಕಿಟೆಲ್ಲರು ೧೯೦೩ರಲ್ಲಿ ಟ್ಯೂಬಿಂಗೆನ್ನಿನಲ್ಲಿಯೂ ತೀರಿಕೊಂಡರು. ಆರ್ಥರನಿಗೆ ಗುಬ್ಬಿಯ ಕೋಣೆಯಲ್ಲಿ ಅಕ್ಷರ ತಿದ್ದಿಸಿದ ಮುನ್ಷಿಯು ಯಾರೆಂದು ನಾವು ಹುಡುಕುತ್ತಲೇ ಇದ್ದೇವೆ.